ಯಾರ ಸಲುವಾಗಿಯೋ ನಿಂತ ಗಾಡಿ

ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ತಡಮಾಡಿ ಬರುವ ರೈಲೆಂದರೆ ನನಗೆ ಬಹಳ ಪ್ರೀತಿ. ಹೊತ್ತಿಗೆ ಸರಿಯಾಗಿ ಬರುವ ರೈಲುಗಳ ಮೇಲೆ ಗೌರವವಿಲ್ಲವೆಂದಲ್ಲ, ಇದೆ. ಆದರೆ ಗೌರವವೇ ಬೇರೆ, ಸಲಿಗೆಯೇ ಬೇರೆ. ಹೊತ್ತಿಗೆ ಸರಿಯಾಗಿ ಬಂದು ನಿಲ್ಲುವ ರೈಲನ್ನು ಕಂಡರೆ ನಮ್ಮ ಹೆಡ್‌ಮಾಸ್ತರರನ್ನು ಕಂಡ ಹಾಗಾಗಿ, ಕೋಟಿನ ಗುಂಡಿ ಹಾಕಿದ್ದೇನೋ ಇಲ್ಲವೋ ಎಂದು ಕೈ ತಾನಾಗಿಯೇ ಎದೆಗೆ ಹೋಗುತ್ತದೆ. ತಡಮಾಡಿ ಬರುವ ರೈಲು ಹಾಗಲ್ಲ. ಅದು ನಮ್ಮವರ ಪೈಕಿ. ಏದುಸಿರು ಬಿಡುತ್ತ ಬಂದು, ತಪ್ಪಾಯಿತು ಎನ್ನುವಂತೆ ಉಸ್ಸೆಂದು ನಿಂತುಕೊಳ್ಳುತ್ತದೆ. ಅದನ್ನು ಬೈಯಲು ಬಾಯಾದರೂ ಹೇಗೆ ಬರಬೇಕು? ಸೂಲಗಿತ್ತಿ ಬಂದು ಕೂತು, ಎಲೆಯಡಿಕೆ ಹಾಕಿಕೊಂಡು, ಬೇಸತ್ತು ಎದ್ದುಹೋದ ಮೇಲೆ ನಾನು ಹುಟ್ಟಿದೆನೆಂದು ನಮ್ಮವ್ವ ಹೇಳುತ್ತಿದ್ದಳು. ಅಂಥವನು ಯಾವ ಮುಖದಿಂದ ರೈಲಿಗೆ ಬುದ್ಧಿ ಹೇಳುವುದು!

ಆಗ ನಾನು ದಾಂಡೇಲಿಯಲ್ಲಿ ಶಾಲಾ ಮಾಸ್ತರ. ನಮ್ಮ ಜಿಲ್ಲೆ ಮುಂಬಯಿಯ ಕೈ ಬಿಟ್ಟು ಮೈಸೂರಿನ ಕೈ ಹಿಡಿದು ಕೆಲವೇ ವರ್ಷಗಳಾಗಿದ್ದವು. ಊರಿನಲ್ಲಿ ಎಲ್ಲವೂ ಹೊಸತು. ಕಾಗದದ ಗಿರಣಿ ಹೊಸತು, ಅದರ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಚಾಳುಗಳು ಹೊಸತು, ಎಲ್ಲೆಲ್ಲಿಂದಲೋ ಬಂದು ಸೇರಿದ ಜನ ಹೊಸಬರು. ಮೈಲಿಗಲ್ಲು ಕಿತ್ತು ಕಿಲೋಮೀಟರಿನ ಕಲ್ಲು ನೆಡುತ್ತಿದ್ದರು. ಅದರಿಂದ ಊರು ದೂರವಾಯಿತೋ ಹತ್ತಿರವಾಯಿತೋ ಎಂದು ನಮ್ಮ ಚಹಾದಂಗಡಿಯಲ್ಲಿ ಬಹಳ ದಿನ ವಾದ ನಡೆದಿತ್ತು. ಇಷ್ಟೆಲ್ಲ ಹೊಸತರ ನಡುವೆ ಹಳತೆಂದು ಉಳಿದದ್ದು ಅಳ್ನಾವರದಿಂದ ಬರುವ ನಮ್ಮ ಗಾಡಿಯೊಂದೇ. ಅದು ಮೊದಲಿನಿಂದಲೂ ಕಾಡಿನ ಕಟ್ಟಿಗೆ ಹೊರುವ ಗಾಡಿ. ಮುಂದೆ ಎಂಜಿನ್ನು, ಅದರ ಹಿಂದೆ ತೊಲೆ, ಬಿದಿರು ಹೇರುವ ಡಬ್ಬಿಗಳ ಸಾಲು, ಎಲ್ಲಕ್ಕೂ ಕೊನೆಗೆ, ಪಾಪ ಇವರೂ ಬರಲಿ ಎಂದು ಸಿಕ್ಕಿಸಿದಂತೆ ಮನುಷ್ಯರ ಡಬ್ಬಿಗಳು. ಕಟ್ಟಿಗೆಗೆ ಅವಸರವಿಲ್ಲವಲ್ಲ. ಹಾಗಾಗಿ ಗಾಡಿಗೂ ಇರಲಿಲ್ಲ.

ಅವಸರವಿಲ್ಲದ್ದರಿಂದ ಅದಕ್ಕೊಂದು ಒಳ್ಳೆಯ ಚಾಳಿ ಬೆಳೆದಿತ್ತು. ಅದು ಜನರಿಗಾಗಿ ಕಾಯುತ್ತಿತ್ತು. ಇದು ರೈಲಿನ ಕಾಯಿದೆಯಲ್ಲಿ ಇತ್ತೆಂದು ನಾನು ಹೇಳುವುದಿಲ್ಲ, ಇರಲಾರದು. ಆದರೆ ಹೊಲದ ಬದುವಿನಲ್ಲಿ ಯಾರಾದರೂ ಗಂಟು ಹೊತ್ತುಕೊಂಡು ಓಡಿಬರುವುದು ಕಂಡರೆ ಡ್ರೈವರು ಉದ್ದಕ್ಕೆ ಸೀಟಿ ಊದುತ್ತಿದ್ದ. ಅದರ ಅರ್ಥ "ಬರ್ರಿ, ನೋಡೇನಿ" ಎಂದು. ಒಮ್ಮೆ ಹಳಿಯಾಳದ ಕಡೆಯ ದಿಬ್ಬಣದವರು ಬಾಸಿಂಗವನ್ನೇ ಮನೆಯಲ್ಲಿ ಮರೆತು ಬಂದಾಗ, ಒಬ್ಬ ಓಡಿಹೋಗಿ ತರುವವರೆಗೂ ಗಾರ್ಡು ಕೆಳಗಿಳಿದು ದಿಬ್ಬಣದವರ ಚುರಮುರಿ ತಿನ್ನುತ್ತ ನಿಂತಿದ್ದ. ನನ್ನ ಮಾತಂತೂ ಬಿಡಿ. "ಮಾಸ್ತರ್ರು ಬಂದಿಲ್ಲೇನು ಇನ್ನೂ?" ಎಂದು ಕೇಳಿಕೊಂಡೇ ಆತ ಹಸಿರು ಬಾವುಟ ತೆಗೆಯುತ್ತಿದ್ದ.

ಇದರಿಂದ ನಮಗೆಲ್ಲ ಒಂದು ವಿಚಿತ್ರ ರೂಢಿಯಾಗಿತ್ತು. ಗಾಡಿ ಎಲ್ಲಿಯಾದರೂ ನಿಂತರೆ, ಯಾಕೆ ನಿಂತಿತು ಎಂದು ನಮ್ಮಲ್ಲಿ ಯಾರೂ ಕೇಳುತ್ತಿರಲಿಲ್ಲ. ಯಾರ ಸಲುವಾಗಿ ನಿಂತಿತು ಎಂದು ಕೇಳುತ್ತಿದ್ದರು.

ನಮ್ಮ ಅಲಂಕಾರಶಾಸ್ತ್ರದ ಹಿರಿಯರು ಕಾಯುವ ನಾಯಿಕೆಯರನ್ನು ಬಗೆಬಗೆಯಾಗಿ ವಿಂಗಡಿಸಿ ಹೆಸರು ಕೊಟ್ಟಿದ್ದಾರೆ. ಅಲಂಕರಿಸಿಕೊಂಡು ಬಾಗಿಲಲ್ಲಿ ಕಾಯುವವಳು, ಕಾದು ಕಾದು ಸಿಟ್ಟಾದವಳು, ಸಂಕೇತದ ಸ್ಥಳಕ್ಕೆ ಹೋಗಿ ಕಾದು ಮೋಸಹೋದವಳು. ಶಾಲೆಯಲ್ಲಿ ಇದನ್ನು ಪಾಠ ಮಾಡುವಾಗಲೆಲ್ಲ ನನಗೆ ಅನ್ನಿಸುತ್ತಿತ್ತು, ಆ ಪಂಡಿತರು ಒಮ್ಮೆ ನಮ್ಮ ಗಾಡಿಯಲ್ಲಿ ಕೂತು ಬಂದಿದ್ದರೆ ಸಾಲಿಗೆ ಇನ್ನೊಂದು ಹೆಸರು ಸೇರುತ್ತಿತ್ತು. ಕಾಯುವವರನ್ನು ಅವರು ಯಾವಾಗಲೂ ದುಃಖಿಗಳೆಂದೇ ತಿಳಿದುಕೊಂಡಿದ್ದಾರೆ. ಚುರಮುರಿ ತಿನ್ನುತ್ತ ಕಾಯುವವರ ಸುಖ ಅವರಿಗೆ ಗೊತ್ತಿರಲಿಲ್ಲ. ಇರಲಿ, ನಾನು ಹೇಳಹೊರಟದ್ದು ಬೇರೆ.

ಸುಗ್ಗಿ ಮುಗಿದ ದಿನಗಳು. ಮಧ್ಯಾಹ್ನದ ಬಿಸಿಲಿನಲ್ಲಿ ನಾನು ಧಾರವಾಡದಿಂದ ತಿರುಗಿ ಬರುತ್ತಿದ್ದೆ. ಅಳ್ನಾವರದಲ್ಲಿ ಗಾಡಿ ಬದಲಿಸಿ ನಮ್ಮ ಡಬ್ಬಿಯೊಳಗೆ ಕಾಲಿಡಹೋದರೆ ಕಾಲಿಡಲು ಜಾಗವಿಲ್ಲ. ಎರಡು ಬಾಕುಗಳ ನಡುವೆ ಒಂದು ಹೊಸ ಮರದ ತೊಟ್ಟಿಲು ಕೂತಿತ್ತು. ನಾಲ್ಕೂ ಮೂಲೆಗೆ ಗಿಣಿ ಕೊರೆದು, ಹಸಿರು ಕೆಂಪು ಬಣ್ಣ ಬಳಿದು, ಇನ್ನೂ ಬಣ್ಣದ ವಾಸನೆ ಹೊಡೆಯುತ್ತಿತ್ತು. ಖಾಲಿ ತೊಟ್ಟಿಲು ಒಯ್ಯಬಾರದೆಂದು ಒಳಗೆ ಒಂದು ತೆಂಗಿನಕಾಯಿ, ಒಂದು ಬೆಲ್ಲದ ಹೆಂಟೆ. ಅದರ ಪಕ್ಕದಲ್ಲಿ, ಯಾರ ಕಾಲಾದರೂ ತಗಲೀತೆಂದು ಎರಡೂ ಕೈ ಚಾಚಿ ಅದನ್ನು ಹಿಡಿದುಕೊಂಡು, ನೀಲವ್ವ ಎಂಬ ಹೆಂಗಸು. ಎದುರಿಗೆ ಖಾದರಸಾಬ. ಇವನು ನಮ್ಮ ದಾಂಡೇಲಿಯವನೇ, ಸೈಕಲ್ ರಿಪೇರಿ ಅಂಗಡಿಯವನು. ಹುಬ್ಬಳ್ಳಿಯಿಂದ ತಂದ ಟಾಯರುಗಳನ್ನು ಜನಿವಾರದ ಹಾಗೆ ಹೆಗಲಿಗೆ ಹಾಕಿಕೊಂಡು ಕೂತಿದ್ದ. ಪರಿಚಯವಿಲ್ಲದವರನ್ನು ಮಾತನಾಡಿಸದೆ ಇರುವುದು ಅವನ ಪ್ರಕೃತಿಗೆ ಒಗ್ಗದ ಸಂಗತಿ.

"ಮಮ್ಮಗನಿಗೋ ಮಮ್ಮಗಳಿಗೋ, ಅವ್ವಾರ?" ಎಂದ.

"ಮಮ್ಮಗ್ರಿ. ನಾಳೆ ಹೆಸರಿಡೂದೈತಿ, ದಾಂಡೇಲ್ಯಾಗ."

"ಭೇಷ್ ಆತು! ಅಜ್ಜಾರು ಬರಲಿಲ್ಲೇನ್ರಿ ಮತ್ತ?"

ನೀಲವ್ವ ಕಿಟಕಿಯ ಕಡೆ ಮುಖ ತಿರುಗಿಸಿದಳು. ನಮ್ಮ ಕಡೆಯ ಗಾಡಿಗಳಲ್ಲಿ ಹಾಗೆ ಮುಖ ತಿರುಗಿಸಿದರೆ ಇನ್ನು ಎಲ್ಲವನ್ನೂ ಹೇಳಿಬಿಡುತ್ತಾರೆ ಎಂದು ಅರ್ಥ. ಹೇಳಿದಳು. ಅವರದು ತೇರಗಾಂವದ ಕಡೆಯ ಒಕ್ಕಲುತನದ ಮನೆ, ಹೊಲ ಈ ರೈಲಿನ ಹಳಿಯ ಮಗ್ಗುಲಿಗೇ ಇದೆ. ಒಬ್ಬಳೇ ಮಗಳು ಗೌರವ್ವ. ಅವಳನ್ನು ಚಿಗಳ್ಳಿಯ ಒಂದು ಮನೆಗೆ ಕೊಡುತ್ತೇನೆಂದು ಗಂಡ ಮಾತು ಕೊಟ್ಟುಬಿಟ್ಟಿದ್ದ. ಮಗಳು ದಾಂಡೇಲಿಯ ಗಿರಣಿಯ ಫಿಟ್ಟರನೊಬ್ಬನನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು.

"ನಮ್ಮ ಮಂದೀನ್ರಿ, ಮನಿದೇವರೂ ಕೂಡಿ ಬರ್ತಿದ್ರು, ಹುಡುಗಾನೂ ಬಂಗಾರದಂಥಾವ. ಆದ್ರ ಇವರು, ನಾ ಚಿಗಳ್ಳ್ಯಾವರಿಗಿ ನಾಲಿಗಿ ಕೊಟ್ಟೇನಿ ಅಂತ ಕೂತ್ರು. ಕಡೀಕ ನನ್ನ ಅಣ್ಣ ನಿಂತು ಲಗ್ನಾ ಮಾಡಿದಾ. ಧಾರಿ ಎರಿಯೂ ಹೊತ್ತಿನ್ಯಾಗ ಇವರು ಹೊಲದಾಗ ಕೂತಿದ್ರು."

ಅದಾದ ಮೇಲೆ ಅಪ್ಪ ಮಗಳು ಮಾತನಾಡಿರಲಿಲ್ಲ. ಚೊಚ್ಚಲ ಬಸುರಿ ತವರಿಗೆ ಬರಬೇಕಲ್ಲ? ಅಪ್ಪ ಬಾ ಎನ್ನಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ. ಮಗಳಿಗೂ ಅಪ್ಪನದೇ ರಕ್ತ. ಕರೆಯದೆ ಬರಲಾರೆನೆಂದು ದಾಂಡೇಲಿಯ ಚಾಳಿನಲ್ಲಿಯೇ ಹಡೆದಳು. ಈಗ ತವರಿನ ತೊಟ್ಟಿಲಾದರೂ ಹೋಗಲೆಂದು ನೀಲವ್ವ ಅಳ್ನಾವರದಲ್ಲಿದ್ದ ಅಣ್ಣನ ಮನೆಗೆ ಹೋಗಿ, ಅಲ್ಲಿಯೇ ಕೂತು ಬಡಿಗನಿಂದ ಮಾಡಿಸಿ ಒಯ್ಯುತ್ತಿದ್ದಳು.

"ನೀವೂ ಬರ್ತೀರೇನು ಅಂತ ಕೇಳಿದ್ನಿ. ಎಮ್ಮಿ ಯಾರ ನೋಡ್ತಾರ ಅಂದ್ರು. ಎಮ್ಮಿ ಮ್ಯಾಲ ಹಾಕಿದ್ರು ನೋಡ್ರಿ, ಆ ಬಡಪಾಯಿ ಎಮ್ಮಿ ಮ್ಯಾಲ!"

ನಾವೆಲ್ಲ ನಕ್ಕೆವು. ಅವಳೂ ನಕ್ಕಳು. ಆಮೇಲೆ ತೆಂಗಿನಕಾಯಿಯನ್ನು ಸುಮ್ಮನೆ ಈಚೆಯಿಂದ ಆಚೆಗೆ ಸರಿಸುತ್ತ, "ಬರದಿದ್ರ ಬಿಡವಲ್ರು. ಆದ್ರ ನಾ ಹೋದಾಗೆಲ್ಲಾ ಹುಡುಗಿ ಬಾಗಲದಾಗ ನಿಂತು ನನ್ನ ಹಿಂದ ನೋಡ್ತಾಳ್ರಿ. ಹಿಂದ ಯಾರರೆ ಅದಾರೇನು ಅಂತ. ಏನ ಹೇಳ್ಲಿ ಅಕಿಗಿ?" ಎಂದಳು.

ಅಷ್ಟರಲ್ಲಿ ಗಾಡಿ ನಿಂತಿತು.

ಒಂದು ಸಣ್ಣ ಸ್ಟೇಷನ್ನು ಇನ್ನೂ ಮುಂದಿತ್ತು. ಅದರ ಹೊರಗಿನ ಸಿಗ್ನಲ್ಲಿನ ಹತ್ತಿರ, ಎರಡೂ ಕಡೆ ಕೊಯ್ದ ಹೊಲಗಳ ನಡುವೆ ನಿಂತಿತ್ತು. ಆ ಕಾಲದ ಸಿಗ್ನಲ್ಲನ್ನು ನೀವು ನೋಡಿರಬೇಕು. ಎತ್ತರದ ಕಂಬ, ಅದಕ್ಕೊಂದು ಹಲಗೆಯ ಕೈ. ಕೈ ಅಡ್ಡ ಚಾಚಿದ್ದರೆ ನಿಲ್ಲು, ಇಳಿಬಿಟ್ಟಿದ್ದರೆ ಬಾ. ಸ್ಟೇಷನ್ನಿನಲ್ಲಿ ಸನ್ನೆಕೋಲು ಎಳೆದರೆ ಹಳಿಯ ಪಕ್ಕದ ತಂತಿ ಜಗ್ಗಿ ಕೈ ಕೆಳಗೆ ಬೀಳುತ್ತದೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಕಿಟಕಿಯಿಂದ ತಲೆ ಹೊರಗೆ ಹಾಕಿ ಆ ಕೈಯನ್ನು ನೋಡಿದ್ದರೆ ಸಾಕಿತ್ತು, ಗಾಡಿ ಯಾಕೆ ನಿಂತಿತೆಂದು ಗೊತ್ತಾಗುತ್ತಿತ್ತು. ಆದರೆ ಮೊದಲೇ ಹೇಳಿದೆನಲ್ಲ, ಯಾಕೆ ಎಂಬುದು ನಮ್ಮ ಪ್ರಶ್ನೆಯೇ ಆಗಿರಲಿಲ್ಲ. ಡಬ್ಬಿಯಲ್ಲಿದ್ದ ಅಷ್ಟೂ ಜನ ತಲೆ ಹೊರಗೆ ಹಾಕಿ ಹೊಲಗಳ ಕಡೆಗೆ ನೋಡಿದೆವು, ಯಾರು ಓಡಿಬರುತ್ತಿದ್ದಾರೆಂದು.

ಎಂಜಿನ್ನು ಉದ್ದಕ್ಕೆ ಸೀಟಿ ಊದಿತು.

"ಕರ್ಯಾಕತ್ತಾನ್ರಿ ಡ್ರೈವರ್," ಎಂದ ಖಾದರಸಾಬ.

ಯಾರೂ ಕಾಣಲಿಲ್ಲ. ಮಾಮಲೇದಾರರು ಇರಬೇಕು ಎಂದರು ಒಬ್ಬರು. ಅಲ್ಲ, ಜಂಗಲ್ ಖಾತೆಯ ಸಾಹೇಬರು ಎಂದರು ಇನ್ನೊಬ್ಬರು. ಯಾವ ದೊಡ್ಡ ಮನುಷ್ಯನೋ ಊಟ ಮಾಡಿ ಕೈ ತೊಳೆಯುತ್ತಿರಬೇಕೆಂದು ನನಗೂ ಅನ್ನಿಸಿತು. ಸೀಟಿ ಮತ್ತೆ ಕೂಗಿತು, ಇನ್ನೂ ಉದ್ದಕ್ಕೆ, ಸ್ವಲ್ಪ ಸಿಟ್ಟಿನಿಂದ. ಬಿಸಿಲಿಗೆ ಡಬ್ಬಿಯ ತಗಡು ಕಾದು ರೊಟ್ಟಿಯ ಹಂಚಿನಂತಾಗಿತ್ತು. ಕೂಸುಗಳು ಅಳತೊಡಗಿದವು. ಇಷ್ಟು ಹೊತ್ತು ಕಾಯಿಸುವವನು ಯಾರೇ ಆಗಿರಲಿ, ಬಂದ ಮೇಲೆ ನಾಲ್ಕು ಮಾತು ಆಡಿಯೇ ಬಿಡಬೇಕೆಂದು ಎಲ್ಲರೂ ತೀರ್ಮಾನಿಸಿದೆವು. ನಮ್ಮ ಜನ ಕಾಯುವುದರಲ್ಲಿ ಉದಾರಿಗಳು, ಆದರೆ ಅದನ್ನು ಹೇಳಿ ತೋರಿಸುವುದರಲ್ಲಿಯೂ ಕಡಿಮೆಯಿಲ್ಲ.

ಆಗ ಅವನು ಕಂಡ. ಹೊಲದಂಚಿನ ಜಾಲಿಯ ಗಿಡದ ಕೆಳಗೆ ಒಬ್ಬ ಹಿರಿಯ ಮನುಷ್ಯ ನಿಂತಿದ್ದ. ಜರಿಯ ಅಂಚಿನ ರುಮಾಲು, ಮೈಮೇಲೆ ಕೋಟು, ಮಡಿ ಮಾಡಿದ ಧೋತರ. ಗಾಡಿಯ ಡಬ್ಬಿಗಳನ್ನು ಒಂದೊಂದಾಗಿ ನೋಡುತ್ತಿದ್ದ. ನಾಲ್ಕು ಹೆಜ್ಜೆ ಮುಂದೆ ಬಂದ, ನಿಂತ, ಹಿಂದಕ್ಕೆ ಸರಿದ.

"ಸಿಕ್ಕಾ ನೋಡ್ರಿ!" ಎಂದು ಖಾದರಸಾಬ ಕೂಗಿದ. "ಯಾವ ಡಬ್ಬ್ಯಾಗ ಜಾಗಾ ಐತಿ ಅಂತ ಹುಡುಕಾಕತ್ತಾರ. ಬರ್ರಿ ಯಜಮಾನ್ರ, ಲಗೂನ ಬರ್ರಿ! ನಿಮ್ಮ ಸಲುವಾಗೇ ನಿಂತೈತಿ!"

ಆ ಮನುಷ್ಯ ಬೆಚ್ಚಿಬಿದ್ದ. ಇಲ್ಲ ಇಲ್ಲ ಎಂದು ಕೈ ಆಡಿಸಿದ. ಸಂಕೋಚದ ಸ್ವಭಾವವೆಂದು ನಾವು ತಿಳಿದೆವು. ಖಾದರಸಾಬ ಟಾಯರುಗಳನ್ನು ನನ್ನ ಕೊರಳಿಗೆ ಹಾಕಿ ಕೆಳಗೆ ಹಾರಿದ, ಇನ್ನಿಬ್ಬರು ಹಿಂದೆ ಹೋದರು. ಒಬ್ಬರು ಒಂದು ರಟ್ಟೆ, ಇನ್ನೊಬ್ಬರು ಇನ್ನೊಂದು ರಟ್ಟೆ, ಖಾದರಸಾಬ ಹಿಂದಿನಿಂದ ಒತ್ತಿಕೊಂಡು, ಮದುಮಗನನ್ನು ತರುವ ಹಾಗೆ ತಂದರು. ಬಾಗಿಲಲ್ಲಿ ನಾನು ಕೈ ಕೊಟ್ಟು ಎಳೆದೆ. ನನ್ನ ಜನ್ಮದಲ್ಲಿ ಇನ್ನೊಬ್ಬರನ್ನು ಗಾಡಿಗೆ ಹತ್ತಿಸಿದ್ದು ಅದೇ ಮೊದಲು. ಯಾವಾಗಲೂ ನನ್ನನ್ನೇ ಯಾರಾದರೂ ಎಳೆದುಕೊಳ್ಳಬೇಕಾಗುತ್ತಿತ್ತು. ಎಳೆಯುವುದರಲ್ಲಿ ಇಷ್ಟು ಹೆಮ್ಮೆ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಒಳಗೆ ಬಂದವನು ತೊಟ್ಟಿಲನ್ನು ನೋಡಿ ಕಂಬದಂತೆ ನಿಂತ. ಆಚೆ ಕಡೆಯ ಕಿಟಕಿಗೆ ಮುಖ ಮಾಡಿ ಕೂತಿದ್ದ ನೀಲವ್ವ ತಿರುಗಿದಳು. ಒಂದು ಕ್ಷಣ ಬಾಯಿ ತೆರೆದಳು, ಮುಚ್ಚಿದಳು, ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಒಂದು ಗೇಣು ಒಳಗೆ ಸರಿದು ಜಾಗ ಮಾಡಿದಳು. ಅವನು ಅಲ್ಲಿ ಕೂರದೆ ತೊಟ್ಟಿಲಿನ ಈಚೆಯ ಬಾಕಿನ ಮೇಲೆ, ಖಾದರಸಾಬನ ಪಕ್ಕದಲ್ಲಿ ತುದಿಗೆ ಕೂತ. ನಾವು ಇಷ್ಟೆಲ್ಲ ಜಾಣರಿದ್ದರೂ ಇದರ ಅರ್ಥ ನಮಗೆ ಹೊಳೆಯಲಿಲ್ಲ, ಯಾಕೆಂದರೆ ಬೈಯುವ ಕೆಲಸ ಬಾಕಿ ಇತ್ತು. ನಿಮ್ಮಂಥ ಹಿರಿಯರು ಹೀಗೆ ಮಾಡಬಹುದೇ ಎಂದು ಒಬ್ಬರು, ಕೂಸುಗಳ ಗತಿ ಏನು ಎಂದು ಒಬ್ಬರು. ಅವನು ಏನೋ ಹೇಳಹೋದ. ಯಾರೂ ಕೇಳಲಿಲ್ಲ. ಬೈದು ಮುಗಿದು ಎಲ್ಲರೂ ತಂತಮ್ಮ ಜಾಗದಲ್ಲಿ ಸರಿಯಾಗಿ ಕೂತು, ಇನ್ನು ಹೊರಡಲಿ ಎಂದು ಕಾದೆವು.

ಗಾಡಿ ಹೊರಡಲಿಲ್ಲ. ಸೀಟಿ ಮಾತ್ರ ಇನ್ನೊಮ್ಮೆ ಕೂಗಿತು.

"ಮತ್ಯಾರು ಬರೋರದಾರ?" ಎಂದು ಖಾದರಸಾಬನಿಗೇ ಬೇಸರವಾಯಿತು. ಇಳಿದು ಎಂಜಿನ್ನಿನವರೆಗೆ ನಡೆದುಹೋದ. ತಿರುಗಿ ಬಂದವನ ಮುಖ ಗಾಳಿ ಹೋದ ಟ್ಯೂಬಿನ ಹಾಗಿತ್ತು.

"ಸಿಗ್ನಲ್ ಕೆಟ್ಟೈತ್ರಿ," ಎಂದ. "ತಂತಿ ಹರದೈತಂತ, ಕೈ ಬೀಳವಲ್ದು. ಡ್ರೈವರ್ ಆ ಸ್ಟೇಷನ್ ಮಾಸ್ತರಿಗಿ ಸೀಟಿ ಹೊಡ್ಯಾಕತ್ತಾನ. ಅಲ್ಲಿಂದ ಮನಶ್ಯಾ ಚೀಟಿ ತೊಗೊಂಡು ಬಂದ್ರ ಮುಂದ ಹೋಗೂದು."

ಎಲ್ಲರ ಕಣ್ಣೂ ಮೆಲ್ಲಗೆ ರುಮಾಲಿನ ಮನುಷ್ಯನ ಕಡೆಗೆ ತಿರುಗಿದವು. ಹೊಲದಲ್ಲಿ ತನ್ನ ಪಾಡಿಗೆ ತಾನು ನಿಂತಿದ್ದ ಒಬ್ಬ ಗೃಹಸ್ಥನನ್ನು ನಾವು ಹಾಡುಹಗಲಲ್ಲಿ ಹೊತ್ತು ತಂದಿದ್ದೆವು. ತಂದದ್ದಲ್ಲದೆ ಬೈದೂ ಇದ್ದೆವು.

"ಹಂಗಾರ... ನೀವು ಯಾಕ ಬಂದಿದ್ರಿ, ಯಜಮಾನ್ರ?" ಖಾದರಸಾಬ ಬಹಳ ಮರ್ಯಾದೆಯಿಂದ ಕೇಳಿದ.

ಅವನು ನೆಲ ನೋಡುತ್ತ, "ಎಮ್ಮಿ ಹುಡುಕಾಕ ಬಂದಿದ್ನಿ," ಎಂದ.

ಎಮ್ಮೆ ಎಂದೊಡನೆ ನಮ್ಮೆಲ್ಲರ ತಲೆ ಒಟ್ಟಿಗೆ ನೀಲವ್ವನ ಕಡೆ ಹೊರಳಿತು. ಅವಳು ಗಂಡನ ಮುಖ ನೋಡಲಿಲ್ಲ. ನಮ್ಮ ಕಡೆ ನಾಲ್ಕು ಮಂದಿಯ ಎದುರು ಹೆಂಡತಿ ಗಂಡನೊಂದಿಗೆ ನೇರವಾಗಿ ಜಗಳವಾಡುವುದು ಶೋಭೆಯಲ್ಲ. ನಡುವೆ ಒಬ್ಬರು ಬೇಕು. ಅವಳು ಖಾದರಸಾಬನಿಗೆ ಹೇಳಿದಳು:

"ಸಾಬರ, ಕೇಳ್ರಿ ಅವರಿಗಿ. ಎಮ್ಮಿ ಹುಡುಕೋರು ಜರದ ರುಮಾಲ ಸುತ್ಕೊಂಡು ಬರ್ತಾರೇನು ಅಂತ."

ಆ ರುಮಾಲಿನವನೇ ಫಕೀರಪ್ಪ, ಅವಳ ಗಂಡ. ಅವನೂ ಖಾದರಸಾಬನ ಕಡೆಗೇ ತಿರುಗಿದ.

"ಸಾಬರ, ಹೊಲಕ್ಕ ಬರೋರು ರುಮಾಲ ಸುತ್ತಬಾರದು ಅಂತ ಯಾರರೆ ಹೇಳ್ಯಾರೇನು?"

"ಹಂಗಾರ ಕೋಟ ಯಾಕ ಹಾಕ್ಕೊಂಡಾರ, ಕೇಳ್ರಿ."

"ಥಂಡಿ ಐತಿ."

ಹಾಗೆನ್ನುವಾಗ ಅವನ ಹಣೆಯಿಂದ ಬೆವರು ಮೂಗಿನ ಮೇಲಿಳಿದು ತೊಟ್ಟಿಕ್ಕುತ್ತಿತ್ತು. ಡಬ್ಬಿಗೆ ಡಬ್ಬಿಯೇ ನಕ್ಕಿತು. ಅಳುವ ಕೂಸುಗಳೂ ಏನಾಯಿತೆಂದು ಸುಮ್ಮನಾದವು. ಇಬ್ಬರ ಮಾತಿನ ನಡುವೆ ಸಿಕ್ಕ ಖಾದರಸಾಬ ಈಚೆ ಒಮ್ಮೆ ಆಚೆ ಒಮ್ಮೆ ಕತ್ತು ತಿರುಗಿಸಿ ಸುಸ್ತಾಗಿದ್ದ.

ನೀಲವ್ವ ನಗಲಿಲ್ಲ. "ಕೇಳ್ರಿ ಸಾಬರ," ಎಂದಳು, ದನಿ ಸಣ್ಣದಾಗಿತ್ತು. "ಬರೂ ಮನಸಿತ್ತಂದ್ರ ಮನ್ಯಾಗ ಒಂದ ಮಾತು ಹೇಳಾಕ ಏನಾಗಿತ್ತು ಅಂತ."

ಫಕೀರಪ್ಪ ಯಾರಿಗೆಂದಿಲ್ಲದೆ ಹೇಳಿದ. "ಬರೂ ಮನಸು ಇದ್ದಿದ್ದಿಲ್ಲ. ತೊಟ್ಟಿಲಾ ಹೆಂಗ ಮಾಡ್ಯಾರೋ, ಗಾಡಿ ಹಾಯೂ ಮುಂದ ಒಂದ ಸಲ ಕಣ್ಣಿಲೆ ನೋಡೂಣು ಅಂತ ಬಂದ್ನಿ. ರುಮಾಲ... ರುಮಾಲ ಕೈಗಿ ಸಿಕ್ತು, ಸುತ್ಕೊಂಡ್ನಿ." ಕೈ ಚಾಚಿ ತೊಟ್ಟಿಲಿನ ಮೂಲೆಯ ಗಿಣಿಯನ್ನು ಮುಟ್ಟಿದ. "ಗಿಣಿ ಚಲೋ ಮಾಡ್ಯಾನ."

"ಹಂಗಾರ ನಡೀರಿ ನಮ್ಮ ಕೂಡ," ಎಂದ ಖಾದರಸಾಬ.

"ಹೆಂಗ ಬರ್ಲಿ? ಲಗ್ನಕ್ಕ ಹೋಗಲಿಲ್ಲ. ಬಾಣಂತನಾ ಮಾಡಲಿಲ್ಲ. ಈಗ ಪೇಡೆ ತಿನ್ನಾಕ ಬಂದ್ನಿ ಅಂತ ಹೋಗ್ಲೇನು? ಆ ಹುಡುಗನ ಮುಂದ ಯಾವ ಮಾರಿ ತೊಗೊಂಡು ನಿಂದರ್ಲಿ?"

"ಚಿಗಳ್ಳ್ಯಾವರ ಹುಡುಗಂದು ಏನಾತ್ರಿ?"

"ಅವಂದು ಆಗ್ಲೇ ಲಗ್ನಾ ಆತು. ಒಂದ ಗಂಡ ಕೂಸೂ ಆತು."

"ಅಲ್ರೀ!" ಖಾದರಸಾಬ ತೊಡೆ ತಟ್ಟಿಕೊಂಡ. "ಅವರು ಕೂಸಿನ ಆಡಿಸ್ಕೋತ ಆರಾಮ ಕೂತಾರ. ನೀವು ಅವರ ಸಲುವಾಗಿ ಸಿಟ್ಟ ಮಾಡ್ಕೊಂಡು ಬಿಸಲಾಗ ನಿಂತೀರಲ್ರಿ!"

ಫಕೀರಪ್ಪನಿಗೆ ನಗು ಬಂದಿತ್ತು, ಆದರೆ ಮೀಸೆಯೊಳಗೇ ಇಟ್ಟುಕೊಂಡ.

ಕೊನೆಗೆ ಸ್ಟೇಷನ್ನಿನಿಂದ ಒಬ್ಬ ಮನುಷ್ಯ ಬಾವುಟ ಹಿಡಿದು, ಚೀಟಿ ತೆಗೆದುಕೊಂಡು ಬಂದ. ಅಡ್ಡ ಚಾಚಿಕೊಂಡೇ ಇದ್ದ ಆ ಮರದ ಕೈಯ ಕೆಳಗೆ ಗಾಡಿ ನಾಚಿಕೊಂಡು ನುಸುಳಿ, ಮೆಲ್ಲಗೆ ತೆವಳಿ ಸ್ಟೇಷನ್ನು ಮುಟ್ಟಿತು. ಅದು ಫಕೀರಪ್ಪನ ಊರಿಗೆ ಇಳಿಯುವ ಸ್ಟೇಷನ್ನು. ಗಾಡಿ ನಿಂತದ್ದೇ ಅವನು ಎದ್ದ, ಧೋತರ ಸರಿಮಾಡಿಕೊಂಡ, ಒಂದು ಮಾತೂ ಆಡದೆ ಇಳಿದುಹೋದ.

ಖಾದರಸಾಬ ಹಿಂದೆ ಹಾರಲು ಹೊರಟ. ನಾನು ಅವನ ಅಂಗಿ ಹಿಡಿದುಕೊಂಡೆ. ತಿಳಿಯದೆ ಒಮ್ಮೆ ಎಳೆದು ತಂದದ್ದಾಯಿತು. ತಿಳಿದು ತಿಳಿದು ಎರಡನೆಯ ಸಲ ಎಳೆದರೆ ಅದು ದರೋಡೆ. ನೀಲವ್ವ ಬಾಗಿಲ ಕಡೆ ನೋಡಲೂ ಇಲ್ಲ. ತೊಟ್ಟಿಲಿನ ಅಂಚನ್ನು ಸೆರಗಿನಿಂದ ಒರೆಸುತ್ತ ಕೂತಳು. ಅಲ್ಲಿ ಧೂಳೇನೂ ಇರಲಿಲ್ಲ.

ಗಾರ್ಡು ಸೀಟಿ ಊದಿ ಬಾವುಟ ತೋರಿಸಿದ. ನಾವು ಬಾಗಿಲಿಗೆ ಮುಕುರಿಕೊಂಡು ಬೇಡ ಬೇಡ ಎಂದು ಕೈ ಮಾಡಿದೆವು. "ಯಾರ್ರೀ ಬರೋರು?" ಎಂದು ಅವನು ಕೇಳಿದ. ಏನು ಹೇಳಬೇಕು? ಬರುತ್ತಾರೋ ಇಲ್ಲವೋ ನಮಗೂ ಗೊತ್ತಿಲ್ಲ. ಆತ ಒಂದು ಗಳಿಗೆ ನಮ್ಮ ಮುಖಗಳನ್ನೆಲ್ಲ ನೋಡಿದ, ಬಾವುಟವನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. ಸಿಗ್ನಲ್ಲು ಕೆಟ್ಟು ಅಷ್ಟು ತಡವಾಗಿದ್ದ ಗಾಡಿಯನ್ನು, ಹೆಸರು ಕೂಡ ಕೇಳದೆ, ಇನ್ನಷ್ಟು ನಿಲ್ಲಿಸಿದ. ಆ ಪುಣ್ಯಾತ್ಮನನ್ನು ನೆನೆದರೆ ಈಗಲೂ ನನಗೆ ಕಣ್ಣು ತುಂಬಿ ಬರುತ್ತದೆ.

ಸ್ಟೇಷನ್ನಿನ ಹಿಂದಿನಿಂದ ಫಕೀರಪ್ಪ ಧೋತರ ಎತ್ತಿಕೊಂಡು ಓಡಿಬಂದ. ಈ ಸಲ ಯಾರೂ ಎಳೆಯಬೇಕಾಗಲಿಲ್ಲ. ಉಸಿರು ಬಿಡುತ್ತ ಬಂದು ನೀಲವ್ವನ ಪಕ್ಕದಲ್ಲಿಯೇ ಕೂತು, ಮೊದಲ ಬಾರಿಗೆ ಅವಳಿಗೇ ಹೇಳಿದ: "ಸಂಜಿಕ ಎಮ್ಮಿ ಹಿಂಡಾಕ ಯಾರಿಗರೆ ಹೇಳಿ ಬರಬ್ಯಾಡೇನು? ಮುಂಜಾನೇನ ಮನ್ಯಾಗ ಕಟ್ಟಿ ಬಂದೇನಿ ಅದನ್ನ."

ಎಮ್ಮೆ ಎಲ್ಲಿಯೂ ತಪ್ಪಿಸಿಕೊಂಡಿರಲಿಲ್ಲವೆಂದು ನಾವ್ಯಾರೂ ಅವನಿಗೆ ನೆನಪು ಮಾಡಲಿಲ್ಲ. ನೀಲವ್ವ ಸೆರಗಿನ ಮರೆಯಲ್ಲಿ ನಕ್ಕಳು, ಆಮೇಲೆ ಅದೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ದಾಂಡೇಲಿ ಮುಟ್ಟಿದಾಗ ಬಿಸಿಲು ಇಳಿದಿತ್ತು. ಗಾಡಿ ಹೊತ್ತಿಗೆ ಬಂದಿದ್ದರೆ ಅಳಿಯ ಇನ್ನೂ ಗಿರಣಿಯಲ್ಲಿ ಇರುತ್ತಿದ್ದ, ಪಕ್ಕದ ಮನೆಯವರು ಯಾರಾದರೂ ಬಂದು ಕರೆದೊಯ್ಯುತ್ತಿದ್ದರು. ತಡವಾದದ್ದರಿಂದ ಅವನ ಪಾಳಿ ಮುಗಿದು, ಎಣ್ಣೆ ಮೆತ್ತಿದ ಗಿರಣಿಯ ಬಟ್ಟೆಯಲ್ಲಿಯೇ ಸ್ಟೇಷನ್ನಿಗೆ ಬಂದಿದ್ದ. ಅತ್ತೆಯ ಕೈಯಿಂದ ಗಂಟು ಇಸಿದುಕೊಂಡ. ಅವಳ ಹಿಂದೆ ನಿಂತವರನ್ನು ನೋಡಿದ. ಗಂಟು ಕೆಳಗಿಟ್ಟು ಬಗ್ಗಿ ಕಾಲು ಮುಟ್ಟಿದ. ಫಕೀರಪ್ಪ ಗಿರಣಿಯ ಹೊಗೆಯ ಕಡೆ ನೋಡುತ್ತ ನಿಂತಿದ್ದ. ಇನ್ನೇನು ಕೆಡುತ್ತದೋ ಎಂದು ನಾನು ಮತ್ತು ಖಾದರಸಾಬ ನಮ್ಮ ನಮ್ಮ ದಾರಿ ಹಿಡಿಯದೆ ನೋಡುತ್ತ ನಿಂತೆವು.

ಫಕೀರಪ್ಪ ಬಗ್ಗಿ ತೊಟ್ಟಿಲಿನ ಒಂದು ತುದಿ ಹಿಡಿದುಕೊಂಡ. "ಆ ಕಡಿ ಹಿಡಿ," ಎಂದ.

ಮಾವ ಅಳಿಯನಿಗೆ ಆಡಿದ ಮೊದಲ ಮಾತು ಅದು. ಮಾವ ಮುಂದೆ, ಅಳಿಯ ಹಿಂದೆ, ನಡುವೆ ತೊಟ್ಟಿಲು. ನನ್ನ ದಾರಿಯೂ ಅದೇ ಆದದ್ದರಿಂದ ನೀಲವ್ವನ ಜೊತೆಗೆ ನಾನೂ ಹಿಂದೆ ನಡೆದೆ. ಮನುಷ್ಯರ ಮನಸ್ತಾಪಗಳ ಬಗ್ಗೆ ಆಮೇಲೆ ನಾನು ಬಹಳ ಯೋಚನೆ ಮಾಡಿದ್ದೇನೆ. ಎದುರಾಬದುರು ಕೂತು ಬಿಡಿಸಿಕೊಳ್ಳಿ ಎಂದು ಬುದ್ಧಿವಂತರು ಹೇಳುತ್ತಾರೆ. ಎದುರು ಕೂತರೆ ಮುಖ ನೋಡಬೇಕಾಗುತ್ತದೆ, ಅದೇ ಕಷ್ಟ. ಇಬ್ಬರ ಕೈಗೂ ಒಂದು ಭಾರದ ಸಾಮಾನು ಕೊಟ್ಟು ಕೆಟ್ಟ ರಸ್ತೆಯಲ್ಲಿ ಬಿಟ್ಟುಬಿಡಬೇಕು. ನಮ್ಮ ದಾಂಡೇಲಿಯ ರಸ್ತೆ ಆ ಕೆಲಸಕ್ಕೆ ಬಹಳ ಒಳ್ಳೆಯದಿತ್ತು. "ತಗ್ಗ ಐತ್ರಿ ಮಾವಾರ," "ಹಗೂರ್ಕ," "ಇಳಿಸೂಣೇನ್ರಿ?" "ಬ್ಯಾಡ, ನಡಿ," ಎಂದು ಮಾತು ತಾನಾಗಿ ನಡೆಯಿತು.

ಚಾಳಿನ ತಿರುವಿಗೆ ಬಂದಾಗ ಫಕೀರಪ್ಪ, ಹಿಂದೆ ತಿರುಗದೆ, "ಹೆಸರ ಏನ ಆರಿಸೀರಿ?" ಎಂದು ಕೇಳಿದ.

"ಇನ್ನೂ ಇಲ್ರಿ," ಎಂದ ಅಳಿಯ. "ನಮ್ಮವ್ವ ಒಂದ ಹೇಳಿದ್ಲು, ಮನ್ಯಾಗಿನಾಕಿ ಬ್ಯಾಡಂದ್ಲು. ನಮ್ಮಪ್ಪ ಬರ್ತಾನ, ಅವನ ಹೇಳ್ತಾನ ಅಂತ ಯಾರಿಗೂ ಹೇಳಗೊಟ್ಟಿಲ್ರಿ ನಿಮ್ಮ ಮಗಳು. ಹಡದಾಗಿಂದ ಹಂಗ ಹೇಳ್ಕೋತ ಕೂತಾಳ."

ತೊಟ್ಟಿಲು ರಸ್ತೆಯ ನಡುವೆಯೇ ನಿಂತುಬಿಟ್ಟಿತು. ಪಾಳಿ ಮುಗಿಸಿ ಬರುತ್ತಿದ್ದ ಸೈಕಲ್ಲಿನವರು ಹಿಂದೆ ಬಂದು ನಿಂತರು, ಅವರ ಹಿಂದೆ ಒಂದು ಚಕ್ಕಡಿ ನಿಂತಿತು. ಎರಡೂ ಕೈಯಲ್ಲಿ ತೊಟ್ಟಿಲಿದ್ದದ್ದರಿಂದ ಫಕೀರಪ್ಪನಿಗೆ ಕಣ್ಣೊರೆಸಿಕೊಳ್ಳಲು ಬರುವಂತಿರಲಿಲ್ಲ. ನೀಲವ್ವ ಮುಂದೆ ಹೋಗಿ ಸೆರಗಿನಿಂದ ಒರೆಸಿದಳು. ಅಷ್ಟು ಹೊತ್ತಿನಲ್ಲಿ ಹಿಂದಿದ್ದವರಲ್ಲಿ ಒಬ್ಬನಾದರೂ ಗಂಟೆ ಬಾರಿಸಲಿಲ್ಲ. ನಮ್ಮ ಊರಿನವರಿಗೆ ಅಷ್ಟು ಕಾಯುವುದು ಬರುತ್ತಿತ್ತು.